ಶ್ಯಾವಿಗಿ ಊರಿನ ಓಣಿಯಲ್ಲಿ ಕಾಕೂ ಕಳೆದುಹೋದದ್ದು

ಹೋದ ರವಿವಾರ ಹಿರೇಕೆರೂರಿನಿಂದ ಹಾವೇರಿಗೆ ಹೊರಟ ಸರಕಾರಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಹೆಣ್ಣುಮಗಳು ಕಿತ್ತಳೆ ಹಣ್ಣು ಸುಲಿದಳು. ಸುಲಿದಳು ಎನ್ನುವುದಕ್ಕಿಂತ ಹಿಂಡಿದಳು ಎನ್ನಬೇಕು. ಸಿಪ್ಪೆಯ ರಸ ಸಿಡಿದು ನೇರವಾಗಿ ನನ್ನ ಕನ್ನಡಕದ ಮೇಲೆ ಬಿತ್ತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಬೈಯುವುದಕ್ಕೆ ನನಗೆ ಕಾರಣ ಬೇಕಾಗುವುದಿಲ್ಲ, ಇಲ್ಲಿ ಕಾರಣವೂ ಇತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಅವಳ ತೊಡೆಯ ಮೇಲಿದ್ದ ಕೂಸು ಕಿಟಕಿಯ ಕಡೆ ಬೆರಳು ಮಾಡಿ, “ಯವ್ವಾ ನೋಡ, ನೋಡ, ನೋಡ!” ಎಂದು ಚೀರಿತು. ಹೊರಗೆ ಗೋವಿನಜೋಳದ ಹೊಲ, ಹೊಲದ ಬದುವಿನಲ್ಲಿ ಒಂದು ಎಮ್ಮೆ. ಬೇರೇನೂ ಇರಲಿಲ್ಲ. ನನಗೆ ಮಾತ್ರ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಹೆಣ್ಣುಮಗಳು ಸದ್ದಿಲ್ಲದೆ ಕೂಸನ್ನು ನನ್ನಿಂದ ದೂರದ ತೊಡೆಗೆ ಸರಿಸಿಕೊಂಡಳು.

ನನಗೆ ಹುಚ್ಚು ಹಿಡಿದಿಲ್ಲ. ಕಿತ್ತಳೆಯ ವಾಸನೆಯೂ ‘ನೋಡು’ ಎಂಬ ಮಾತೂ ಒಟ್ಟಿಗೆ ಬಂದರೆ ನನಗೆ ಸವಣೂರಿನ ಕಾಕೂ ನೆನಪಾಗುತ್ತಾಳೆ, ಕಾಕೂ ನೆನಪಾದರೆ ಸ್ಪೇನ್ ದೇಶದ ಒಂದು ಇಕ್ಕಟ್ಟಾದ ಓಣಿ ನೆನಪಾಗುತ್ತದೆ. ಅಂದು ನಾನು ಹೊರಟಿದ್ದೂ ಸವಣೂರಿಗೇ. ಹಾವೇರಿಯಲ್ಲಿ ಬಸ್ಸು ಬದಲಿಸುವವರೆಗೆ ಹೊತ್ತು ಕಳೆಯಬೇಕು, ನೀವೂ ಆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಇದ್ದೀರಿ ಎಂದುಕೊಂಡು ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಕಿತ್ತಳೆ ಇದ್ದರೆ ಮಾತ್ರ ದಯಮಾಡಿ ಆ ಕಡೆ ತಿರುಗಿ ಸುಲಿಯಿರಿ.

ಕಾಕೂ ಎಂದರೆ ನಮ್ಮ ಅಪ್ಪನ ತಮ್ಮನ ಹೆಂಡತಿ. ಹೆಸರು ಮೀರಾಬಾಯಿ. ಈ ಹೆಸರನ್ನು ಸ್ವಲ್ಪ ಗಟ್ಟಿಯಾಗಿ ನೆನಪಿಡಿ. ಹೆಸರೇನೋ ಚಂದದ್ದೇ, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನಮಗೆಲ್ಲ ಆಕೆ ಕಾಕೂ. ಓಣಿಯ ಮಂದಿಗೆ ‘ಎಲಿ ತ್ವಾಟದಾಕಿ’, ಏಕೆಂದರೆ ಕಾಕಾನದು ವೀಳ್ಯದೆಲೆಯ ತೋಟ. ಇನ್ನು ಕಾಕಾನ ಬಾಯಲ್ಲಿ ಆಕೆಗೆ ಇದ್ದ ಹೆಸರು ‘ಏ’. ಸಿಟ್ಟು ಬಂದರೆ ‘ಏ ಇಕಿನ’. ಪ್ರೀತಿ ಉಕ್ಕಿದರೆ ‘ಏ, ಕೇಳತೈತೇನು?’ ಬೇರೆಯವರ ಮುಂದೆ ಬರೀ ‘ಅಕಿ’. ಅಕಿ ಊರಿಗೆ ಹೋಗ್ಯಾಳ, ಅಕಿ ಹೇಳಿದ್ಲು, ಅಕೀನ್ನ ಕೇಳ್ರಿ. ನಮ್ಮ ಕಡೆ ಅಕಿ ಎಂದರೆ ಅವಳು. ಬೆಂಗಳೂರಿನ ಕಡೆಯವರು ಅನ್ನ ಮಾಡುವ ಅಕ್ಕಿ ಎಂದು ತಿಳಿಯಬಾರದೆಂದು ಹೇಳಿದೆ.

ಗಂಡಸರು ಹೆಂಡತಿಯ ಹೆಸರು ಹೇಳದೆ ಇರುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ನನ್ನನ್ನಂತೂ ಕೇಳಲೇಬೇಡಿ, ನಾನೂ ನಮ್ಮ ಮನೆಯವರನ್ನು ‘ರೀ’ ಎಂದೇ ಕರೆಯುವವಳು. ಶಿಗ್ಗಾಂವದ ಬಸ್ ನಿಲ್ದಾಣದಲ್ಲಿ ಒಮ್ಮೆ ‘ರೀ’ ಎಂದು ಕೂಗಿದಾಗ ಅರ್ಧ ನಿಲ್ದಾಣ ತಿರುಗಿ ನೋಡಿತು. ತಿರುಗದೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿದವರು ಅವರೊಬ್ಬರೇ. ಆದರೆ ಕಾಕೂನ ಸಂಗತಿ ಬೇರೆ. ಯಾಕೆಂದರೆ ಹೆಸರು ಹೇಳಿಸುವುದೇ ಆಕೆಯ ಕಸುಬು.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ಕಡೆ ಎಲ್ಲೇ ಲಗ್ನವಾಗಲಿ, ಸೋಬಾನ ಪದ ಹಾಡಲು ಕಾಕೂ ಬೇಕು. ಹಾಡಿ ಮುಗಿಸಿದ ಮೇಲೆ ಆಕೆಯ ನಿಜವಾದ ಕೆಲಸ ಶುರು. ಮದುವೆಯಾದ ಜೋಡಿ ಮನೆ ತುಂಬಲು ಬಂದಾಗ ಬಾಗಿಲಿನ ಎರಡೂ ತೋಳಿಗೆ ಕೈ ಚಾಚಿ ಅಡ್ಡ ನಿಂತುಬಿಡುತ್ತಾಳೆ. “ಹೆಸರು ಹೇಳ್ರಿ, ಒಳಗ ಬರ್ರಿ.” ಸುಮ್ಮನೆ ಹೇಳಿದರೆ ನಡೆಯುವುದಿಲ್ಲ. ಒಡಪಿನಲ್ಲಿ ಹೇಳಬೇಕು. ಎರಡು ಸಾಲು, ಪ್ರಾಸ ಕೂಡಬೇಕು, ನಡುವೆ ಹೆಂಡತಿಯ ಹೆಸರು ಬರಬೇಕು. ಡಾಕ್ಟರ ಇರಲಿ, ತಹಶೀಲ್ದಾರ ಇರಲಿ, ಕಾಕೂನ ತೋಳಿನ ಕೆಳಗೆ ನುಸುಳಿ ಹೋದ ಮದುಮಗ ಇಲ್ಲ. ಹಾನಗಲ್ಲಿನ ಒಬ್ಬ ಎಂಜಿನಿಯರ್ ಹುಡುಗ ‘ನನಗ ಪ್ರಾಸ ಬರೂದಿಲ್ರಿ’ ಎಂದಾಗ, “ಲಗ್ನಾ ಬರತೈತಿ, ಪ್ರಾಸ ಬರೂದಿಲ್ಲೇನು?” ಎಂದು ಕೇಳಿ, ಒಳಗೆ ಬಡಿಸಿದ ಹೋಳಿಗೆ ತಣ್ಣಗಾಗುವವರೆಗೆ ನಿಲ್ಲಿಸಿದ್ದಳು. ಪಾಪ, ಹುಡುಗ ಕೊನೆಗೆ ಸಿಮೆಂಟಿಗೂ ಪೇಮೆಂಟಿಗೂ ಪ್ರಾಸ ಕೂಡಿಸಿ ಹೆಂಡತಿಯ ಹೆಸರು ಹೇಳಿ ಪಾರಾದ.

ಊರ ಮದುಮಕ್ಕಳ ಬಾಯಲ್ಲೆಲ್ಲ ಹೆಂಡಿರ ಹೆಸರು ಹೊರಡಿಸಿದ ಇಂಥ ಕಾಕೂನ ಹೆಸರನ್ನು ಕಾಕಾ ತನ್ನ ಲಗ್ನದ ದಿನವೂ ಹೇಳಿರಲಿಲ್ಲ. ಬಾಗಿಲಲ್ಲಿ ಹೆಣ್ಣುಮಕ್ಕಳು ಅಡ್ಡಗಟ್ಟಿದಾಗ ಬಹಳ ಹೊತ್ತು ಸುಮ್ಮನೆ ನಿಂತು, ಆಮೇಲೆ “ಅಕಿ ಹೆಸರು ಅಕಿಗೆ ಗೊತ್ತೈತಿ, ನಾ ಯಾಕ ಹೇಳ್ಲಿ?” ಎಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ, ನಗುವಿನಲ್ಲೇ ಒಳಗೆ ಬಿಟ್ಟರಂತೆ. ಈ ಪ್ರಸಂಗವನ್ನು ಕಾಕೂ ನನಗೆ ಶಾವಿಗೆ ಹೊಸೆಯುವಾಗ ಹೇಳಿದ್ದಾಳೆ, ಶೇಂಗಾ ಬಿಡಿಸುವಾಗ ಹೇಳಿದ್ದಾಳೆ, ನನ್ನ ಬಾಣಂತನದಲ್ಲಿ ಎಣ್ಣೆ ತಿಕ್ಕುತ್ತಾ ಹೇಳಿದ್ದಾಳೆ. ಪ್ರತಿ ಸಲವೂ ಕೊನೆಗೆ ಅದೇ ಮಾತು: “ಒಂದ ಸಲ ಅಂದಿದ್ರ ಇವರ ಬಾಯಿ ಸವೀತಿತ್ತೇನವಾ?” ಸೀರೆ, ಬಂಗಾರ ಕೇಳಲಿಲ್ಲವೆಂದಲ್ಲ. ಅವನ್ನೂ ಕೇಳಿದ್ದಳು, ಜಗಳವಾಡಿ ಪಡೆದಿದ್ದಳು. ಸಿಗದೆ ಉಳಿದದ್ದು ಇದೊಂದೇ, ಅದನ್ನು ನೆನೆದಾಗಲೆಲ್ಲ ಆಕೆಯ ಮುಖ ಸಣ್ಣದಾಗುತ್ತಿತ್ತು.

ಇಂಥ ಕಾಕೂ ಸ್ಪೇನಿಗೆ ಹೋದದ್ದು ಹೇಗೆಂದರೆ, ಗೊಟಗೋಡಿಯ ಕಡೆ ಜಾನಪದ ಓದಿಸುವ ಮೇಷ್ಟ್ರೊಬ್ಬರು ಯಾವುದೋ ಲಗ್ನದಲ್ಲಿ ಆಕೆಯ ಸೋಬಾನ ಪದವನ್ನು ಫೋನಿನಲ್ಲಿ ಹಿಡಿದು ಎಲ್ಲಿಗೋ ಕಳಿಸಿದರು. ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕೊನೆಗೆ ಹಳ್ಳಿಹಾಡುಗಳ ಒಂದು ಮೇಳಕ್ಕೆ ಬನ್ನಿ ಎಂದು ಕರೆ ಬಂತು. ಕಾಕೂ, ಹಿಮ್ಮೇಳಕ್ಕೆ ಹಾನಗಲ್ಲಿನ ಮೂವರು ಹೆಣ್ಣುಮಕ್ಕಳು, ತಾಳಕ್ಕೆ ಒಬ್ಬ. ತಾಳದವನಿಗೆ ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ. ಕಾಕಾನ ಹತ್ತಿರ ಇತ್ತು, ಕಾಶಿಗೆ ಹೋಗಲು ಬೇಕಾಗುತ್ತದೆಂದು ತಿಳಿದು ಎಂದೋ ಮಾಡಿಸಿಟ್ಟಿದ್ದ. ಹೀಗೆ ಕಾಕಾ ತಾಳದವನಾದ. ಬಡಿಯುವುದು ಗೊತ್ತಿತ್ತು, ಯಾವಾಗ ನಿಲ್ಲಿಸಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ನಾನು ದುಭಾಷಿ. ಇಂಗ್ಲಿಷ್ ಟೀಚರಲ್ಲವೇ! ಆ ಊರಿನಲ್ಲಿ ನನ್ನ ಇಂಗ್ಲಿಷಿಗೆ ಒಂದು ಕಪ್ ಚಹಾ ಕೂಡ ಹುಟ್ಟಲಿಲ್ಲ. ಅವರೆಲ್ಲ ಸ್ಪ್ಯಾನಿಷ್ ಆಡುತ್ತಾರೆ, ನಾನು ಇಂಗ್ಲಿಷ್ ಆಡುತ್ತೇನೆ, ಕೊನೆಗೆ ಕಾಕೂ ಕೈಸನ್ನೆ ಮಾಡಿ ಕೆಲಸ ಮುಗಿಸುತ್ತಾಳೆ.

ಊರಿನ ಹೆಸರು ಬರೆಯುವುದು ಒಂದು ಥರ, ಅನ್ನುವುದು ‘ಸೆವಿಯಾ’ ಎಂದು. ನಾನು ವಿಮಾನದಲ್ಲೇ ಎಲ್ಲರಿಗೂ ಬಾಯಿಪಾಠ ಮಾಡಿಸಲು ಹೋದೆ. “ಸೆವಿಯಾ ಏನು ಬಂತು, ಶ್ಯಾವಿಗಿ ಅನ್ನು ಸುಮ್ನ,” ಎಂದ ಕಾಕಾ. ಅಲ್ಲಿಗೆ ಅದು ಶ್ಯಾವಿಗಿ ಊರಾಯಿತು. ನಮ್ಮ ಜೊತೆಗೆ ಮೇಳದವರು ಕೊಟ್ಟಿದ್ದ ಇಂಗ್ಲಿಷ್ ಬಲ್ಲ ಹುಡುಗಿಯ ಹೆಸರು ಲೂಸಿಯಾ. ಆಕೆ ಒಂದೇ ದಿನದಲ್ಲಿ ಲಚ್ಚವ್ವ ಆದಳು. ಅಲ್ಲಿಯ ದೊಡ್ಡ ಚರ್ಚಿನ ಕಂಬಗಳನ್ನು ಆಕೆ ಹೆಮ್ಮೆಯಿಂದ ತೋರಿಸಿದರೆ ಕಾಕಾ ಒಂದನ್ನು ಸುತ್ತಿ ಬಂದು, “ನಮ್ಮ ಸವಣೂರಿನ ದೊಡ್ಡ ಹುಣಸಿಮರದಷ್ಟು ದಪ್ಪಿಲ್ಲ ಬಿಡು,” ಎಂದು ತೀರ್ಪು ಕೊಟ್ಟ. ನಾನು ಇಂಗ್ಲಿಷಿನಲ್ಲಿ “ತುಂಬಾ ಚೆನ್ನಾಗಿದೆ ಅನ್ನುತ್ತಾರೆ” ಎಂದು ಅನುವಾದ ಮಾಡಿದೆ.

ಮೊದಲ ದಿನ ಬೆಳಿಗ್ಗೆ ಪೇಟೆ ಬೀದಿಗೆ ಇಳಿದೆವು. ಎದುರಿಗೆ ಒಬ್ಬ ತಾಯಿ ತನ್ನ ಮಗುವಿಗೆ ಪಾರಿವಾಳ ತೋರಿಸುತ್ತ, “ಮೀರಾ! ಮೀರಾ!” ಎಂದಳು.

ಕಾಕೂ ಗಕ್ಕನೆ ನಿಂತಳು. “ಏನವಾ?” ಎಂದು ಆ ತಾಯಿಯನ್ನು ಕೇಳಿದಳು. ಆಕೆ ನಕ್ಕು ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೀಸಣಿಗೆ ಮಾರುವವನೊಬ್ಬ ಬೀಸಣಿಗೆ ಬಿಚ್ಚಿ ಹಿಡಿದು, “ಮೀರಾ, ಸೆನ್ಯೋರಾ, ಮೀರಾ!” ಎಂದ. “ಹೂಂನ್ರಿ, ಬಂದೆ,” ಎಂದಳು ಕಾಕೂ. ಆಮೇಲೆ ಒಬ್ಬ ಪೊಲೀಸಪ್ಪ. ಆಮೇಲೆ ಕಟ್ಟೆಯ ಮೇಲೆ ಕುಳಿತು ಜಗಳವಾಡುತ್ತಿದ್ದ ಇಬ್ಬರು ಮುದುಕರು, ಅವರಂತೂ ಮಾತಿಗೊಮ್ಮೆ ಮೀರಾ. ಮಧ್ಯಾಹ್ನವಾಗುವಷ್ಟರಲ್ಲಿ ಕಾಕೂ ಚುನಾವಣೆ ಗೆದ್ದವರ ಹಾಗೆ ಎರಡೂ ಕಡೆ ಕೈ ಮುಗಿಯುತ್ತ ನಡೆಯತೊಡಗಿದ್ದಳು. ಮುಖ ಅರಳಿಹೋಗಿತ್ತು. “ನೋಡವಾ, ಎಷ್ಟ ದೂರದ ಊರು! ಒಬ್ಬರರೆ ಏ ಅಂತಾರೇನು? ಎಲ್ಲಾರೂ ಹೆಸರು ಹಿಡದ ಕರೀತಾರ.”

ಕಾಕಾನ ಮುಖ ಮಾತ್ರ ಹರಳೆಣ್ಣೆ ಕುಡಿದಂತಿತ್ತು. ನನ್ನನ್ನು ಪಕ್ಕಕ್ಕೆ ಕರೆದು, “ಈ ಊರಾಗ ಗಂಡಸರಿಗೆ ನಾಚಿಕಿ ಇಲ್ಲೇನು? ಮಂದಿ ಹೇಂತಿ ಹೆಸರು ಹಿಂಗ ಬೀದ್ಯಾಗ ಕೂಗ್ತಾರ? ಅಕಿ ಹೆಸರು ಇವರಿಗೆ ಯಾರು ಹೇಳಿದ್ರು?” ಎಂದು ಪಿಸುಗುಟ್ಟಿದ.

ನನಗೂ ತಿಳಿಯಲಿಲ್ಲ. ಸಂಜೆ ಲಚ್ಚವ್ವನನ್ನು ಗುಟ್ಟಾಗಿ ಕೇಳಿದೆ. ಮೀರಾ ಎಂದರೆ ಅವರ ಮಾತಿನಲ್ಲಿ ‘ನೋಡು’ ಎಂದರ್ಥವಂತೆ. ಇಷ್ಟು ವರ್ಷ ಮಕ್ಕಳ ತಪ್ಪು ತಿದ್ದಿ ತಿದ್ದಿ ಕೆಂಪು ಪೆನ್ನು ಖಾಲಿ ಮಾಡಿದವಳು ನಾನು, ಇದೊಂದನ್ನು ತಿದ್ದಲು ಮನಸ್ಸು ಬರಲಿಲ್ಲ. ಹೆಸರು ಕೇಳಿ ಹಿಗ್ಗಿದ ಮುಖದ ಮುಂದೆ ನಿಂತು, ‘ಕಾಕೂ, ಅವರು ಕರೆಯುವುದು ನಿನ್ನನ್ನಲ್ಲ’ ಎಂದು ನೀವಾದರೂ ಹೇಳುತ್ತಿದ್ದಿರೇನು? ಕಾಕಾನಿಗೂ ಹೇಳಲಿಲ್ಲ. ಆತ ಉರಿಯುವುದನ್ನು ನೋಡಲು ನನಗೆ ಖುಷಿಯಾಗುತ್ತಿತ್ತು.

ಹಾಡಿನ ಕಾರ್ಯಕ್ರಮವೆಲ್ಲ ಚೆನ್ನಾಗಿ ಮುಗಿಯಿತು. ಕಾಕಾ ತಾಳ ನಿಲ್ಲಿಸದೆ ಹೋದದ್ದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು. ಮರುದಿನ ಹಾನಗಲ್ಲಿನ ಹೆಣ್ಣುಮಕ್ಕಳು ಕಾಲು ಬಾತಿವೆ ಎಂದು ಕೋಣೆಯಲ್ಲೇ ಉಳಿದರು. ನಮ್ಮ ಮೂವರನ್ನು ಲಚ್ಚವ್ವ ಹಳೇ ಊರಿನ ಒಂದು ಐತಿಹಾಸಿಕ ಓಣಿಗೆ ಕರೆದುಕೊಂಡು ಹೋದಳು. ಅದರ ಹೆಸರು ಕನ್ನಡದಲ್ಲಿ ಹೇಳಿದರೆ ‘ನೀರಿನ ಓಣಿ’. ಒಂದು ಕಡೆ ಅರಮನೆಯ ಎತ್ತರದ ಹಳೆಯ ಗೋಡೆ, ಇನ್ನೊಂದು ಕಡೆ ಸುಣ್ಣ ಬಳಿದ ಮನೆಗಳು. ಮನೆಗಳಿಗೆ ಕಬ್ಬಿಣದ ಜಾಲರಿ ಬಾಗಿಲು. ಇಣುಕಿದರೆ ಒಳಗೆ ನೀಲಿ ಹಂಚಿನ ಅಂಗಳ, ಹೂವಿನ ಕುಂಡ, ಕಿತ್ತಳೆ ಗಿಡ. ಹಿಂದಿನ ಕಾಲದಲ್ಲಿ ಅರಮನೆಯ ತೋಟಕ್ಕೆ ನೀರು ಹೋಗುತ್ತಿದ್ದದ್ದು ಇದೇ ಗೋಡೆಯೊಳಗಿನ ಕೊಳವೆಯಿಂದ ಎಂದು ಲಚ್ಚವ್ವ ವಿವರಿಸಿದಳು. ನಾನು ಕನ್ನಡಕ್ಕೆ ತಂದೆ. ಕಾಕಾ ಗಂಭೀರವಾಗಿ ತಲೆಯಾಡಿಸಿ, “ನಳಾ ಎಷ್ಟ ದಿನಕ್ಕೊಮ್ಮೆ ಬಿಡ್ತಿದ್ರು ಕೇಳು,” ಎಂದ. ಲಚ್ಚವ್ವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ದಿನಾ ನೀರು ಬರುವ ಊರಿನವರಿಗೆ ಹೇಗೆ ಅರ್ಥವಾಗಬೇಕು? ಈ ತುದಿಯಿಂದ ನಡೆದು ಆ ತುದಿಗೆ ಬನ್ನಿ, ನಾನು ಅಲ್ಲಿಯ ಬಯಲಿನಲ್ಲಿ ಕಾಯುತ್ತೇನೆ ಎಂದು ಹೇಳಿ ಆಕೆ ಮುಂದೆ ಹೋದಳು.

ಕಾಕಾ ಎರಡೂ ತೋಳು ಚಾಚಿ ಓಣಿಯ ಅಗಲ ಅಳೆದ. “ಇದನ್ನ ನೋಡಾಕ ಇಷ್ಟು ದೂರ ಬಂದ್ವೇನು? ನಮ್ಮ ಸವಣೂರಾಗ ಇದಕ್ಕಿಂತ ಇರುಕಿನ ಸಂದಿ ಅದಾವ. ಎದರಿಗೆ ಎಮ್ಮಿ ಬಂದ್ರ ನಾವ ಹಿಂದ ಸರೀಬೇಕು.” ನಿಜವೇ. ನವಾಬರ ಕಾಲದ ಗೋಡೆಗಳ ನಡುವಿನ ಆ ಸಂದಿಗಳಲ್ಲಿ ನಾನೇ ಎಷ್ಟೋ ಸಲ ಎಮ್ಮೆಗೆ ದಾರಿ ಬಿಟ್ಟಿದ್ದೇನೆ. ಆದರೆ ಅವನ್ನು ನೋಡಲು ಯಾವ ಲಚ್ಚವ್ವನೂ ಯಾರನ್ನೂ ಕರೆತರುವುದಿಲ್ಲ.

ಓಣಿಯ ತುಂಬ ಕಿತ್ತಳೆ ಹೂವಿನ ಘಮಘಮ, ನೆಲದ ಮೇಲೆ ಹಣ್ಣುಗಳು ಉದುರಿ ಬಿದ್ದಿದ್ದವು. ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. “ಈ ಮಂದಿಗೆ ಕೈ ಇಲ್ಲೇನು?” ಎಂದು ಕಾಕಾ ಒಂದನ್ನು ಎತ್ತಿ, ಸುಲಿದು, ಬಾಯಿಗೆ ಹಾಕಿಕೊಂಡ. ಆ ಮುಖವನ್ನು ನೀವು ನೋಡಬೇಕಿತ್ತು. ಅಲ್ಲಿಯ ಬೀದಿ ಕಿತ್ತಳೆ ಬೇವಿನಷ್ಟು ಕಹಿ, ಹುಣಸೆಯಷ್ಟು ಹುಳಿ. “ನಾರಂಗಿ ಅಲ್ಲಿದು, ವೈರಿ,” ಎಂದ. ಕಾಕೂ ಮಾತ್ರ, “ಉಪ್ಪಿನಕಾಯಿಗೆ ಚಲೋ ಆಕ್ಕಾವ,” ಎಂದು ಉಡಿಯಲ್ಲಿ ಆಯ್ದು ತುಂಬಿಕೊಳ್ಳತೊಡಗಿದಳು.

ಅಷ್ಟರಲ್ಲಿ ಕಾಕಾ ಅರಮನೆಯ ಗೋಡೆಗೆ ಕಿವಿ ಹಚ್ಚಿದ. “ಏ ತಂಗಿ, ಬಾ ಇಲ್ಲೆ. ನೀರು ಬರಾಕತ್ತೈತಿ, ಕೇಳು.” ನಾನೂ ಹೋಗಿ ಕಿವಿ ಹಚ್ಚಿದೆ. ಎಷ್ಟಾದರೂ ಓದಿದವಳು, ಸಂಶೋಧನೆ ಎಂದರೆ ಬಿಡಬಾರದು. ನಿಜವಾಗಿಯೂ ಗುಳು ಗುಳು ಎಂದು ಸದ್ದು ಕೇಳಿಸಿತು. ಎಷ್ಟೋ ಹೊತ್ತು ಇಬ್ಬರೂ ಉಸಿರು ಬಿಗಿಹಿಡಿದು ಆಲಿಸಿದ ಮೇಲೆ ಗೊತ್ತಾಯಿತು, ಅದು ಗೋಡೆಯಲ್ಲ, ಕಾಕಾನ ಹೊಟ್ಟೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ. ನಗುತ್ತ ತಿರುಗಿ ನೋಡಿದರೆ ಕಾಕೂ ಇಲ್ಲ.

ಓಣಿ ನಡುವೆ ಒಂದು ಕಡೆ ಡೊಂಕಾಗಿ ತಿರುಗುತ್ತದೆ. ಆ ತಿರುವಿಗೆ ಹೋಗಿ ನೋಡಿದೆವು, ಇಲ್ಲ. ವಾಪಸು ಬಂದು ನೋಡಿದೆವು, ಇಲ್ಲ. ಕಾಕಾ ಕೈಯನ್ನು ಬಾಯಿಗೆ ಅಡ್ಡ ಹಿಡಿದು, “ಏ!” ಎಂದು ಕೂಗಿದ. ಏ ಎಂದರೆ ಆ ದೇಶದಲ್ಲೂ ಏ ಎಂದೇ ಅರ್ಥವಿರಬೇಕು, ನಾಲ್ಕಾರು ಮಂದಿ ತಿರುಗಿದರು. “ಏ ಇಕಿನ! ಕೇಳತೈತೇನು?” ಗೋಡೆಗಳು ಮಾತ್ರ ‘ಏನು, ಏನು’ ಎಂದವು.

ತಿರುವಿನಲ್ಲಿ ಬೀಸಣಿಗೆ ಮಾರುವವನೊಬ್ಬ ನಿಂತಿದ್ದ. ಕಾಕಾ ಓಡಿಹೋಗಿ ಅವನ ತೋಳು ಹಿಡಿದ. “ಯಣ್ಣಾ, ಅಕಿ! ಅಕಿ ಎಲ್ಲಿ?”

ಆ ಪುಣ್ಯಾತ್ಮನ ಮುಖ ಅರಳಿತು. “ಅಕೀ? ಸೀ, ಸೀ, ಅಕೀ!” ಎಂದು ನೆಲ ತೋರಿಸಿದ.

“ಅಕೀ ಅಂತಾನ, ನೆಲಾ ತೋರಸ್ತಾನ! ಅಕಿ ನೆಲದಾಗ ಹೋದ್ಲೇನು?”

“ಅಕೀ, ಅಕೀ! ಮೀರಾ!” ಎಂದ ಅವನು, ಇನ್ನೂ ಜೋರಾಗಿ ನೆಲಕ್ಕೆ ಬೆರಳು ಮಾಡಿ.

“ಹೂಂ, ಅಕೀನ! ಮೀ… ಅದ, ಅಂದ್ರ ಅಕೀನ ಮತ್ತ! ನೋಡಿದ್ಯಾ ನೀನು? ಮೂಗಿನ್ಯಾಗ ನತ್ತು, ಹಸರ ಸೀರಿ, ಉಡ್ಯಾಗ ನಾರಂಗಿ!”

“ನರಾನ್ಹಾ! ಅಕೀ, ಅಕೀ!” ಎಂದು ಅವನು ಸುತ್ತ ಉದುರಿದ್ದ ಹಣ್ಣುಗಳನ್ನೆಲ್ಲ ತೋರಿಸಿದ. ಅವರ ಮಾತಿನಲ್ಲಿ ಕಿತ್ತಳೆಗೆ ಹೆಚ್ಚು ಕಡಿಮೆ ನಮ್ಮ ನಾರಂಗಿಯೇ ಹೆಸರು. ‘ಅಕೀ’ ಎಂದರೆ ‘ಇಲ್ಲೇ’. ನನಗೆ ಅಷ್ಟು ಸ್ಪ್ಯಾನಿಷ್ ಬಂದಿತ್ತು. ಆದರೆ ಇಬ್ಬರೂ ಒಂದೇ ಮಾತನ್ನು ಅಷ್ಟು ಆವೇಶದಿಂದ ಆಡುತ್ತಿದ್ದಾಗ ನಡುವೆ ಬಾಯಿ ಹಾಕುವುದು ದುಭಾಷಿಗೆ ಶೋಭಿಸುವುದಿಲ್ಲ.

ನಾನು ಅವರನ್ನು ಬಿಟ್ಟು ಒಂದೊಂದೇ ಜಾಲರಿ ಬಾಗಿಲು ಇಣುಕುತ್ತ ಬಂದೆ. ಮೂರನೆಯದೋ ನಾಲ್ಕನೆಯದೋ ಬಾಗಿಲ ಒಳಗೆ, ಕಿತ್ತಳೆ ಗಿಡದ ನೆರಳಲ್ಲಿ, ಬೆತ್ತದ ಕುರ್ಚಿಯ ಮೇಲೆ, ನತ್ತು ಹಸಿರು ಸೀರೆ ಉಡಿಯಲ್ಲಿ ನಾರಂಗಿ ಸಮೇತ ಕಾಕೂ ಕುಳಿತಿದ್ದಳು. ಎದುರಿಗೆ ಆ ಮನೆಯ ಅಜ್ಜಿ. ಇಬ್ಬರ ನಡುವೆ ಕಾಕೂ ಊರಿಂದ ತಂದಿದ್ದ ಕುರುಕು ತಿಂಡಿ, ಸವಣೂರು ಖಾರದ ಪೊಟ್ಟಣ ಬಿಚ್ಚಿಟ್ಟಿತ್ತು. ನಾನು “ಕಾಕೂ” ಎನ್ನಲು ಬಾಯಿ ತೆರೆದೆ. ಕಾಕೂ ತುಟಿಯ ಮೇಲೆ ಬೆರಳಿಟ್ಟಳು.

ಅರ್ಥವಾಯಿತು. ಆಕೆಗೆ ಮೊದಲಿಂದಲೂ ಎಲ್ಲ ಕೇಳಿಸುತ್ತಿತ್ತು. ಏ ಎಂದದ್ದು, ಇಕಿನ ಎಂದದ್ದು, ಅಕಿ ಅಕಿ ಎಂದು ಬೀದಿಯವನ ತೋಳು ಜಗ್ಗಿದ್ದು, ಎಲ್ಲವೂ. ಕೇಳಿಯೂ ಕುಳಿತಿದ್ದಳು. ಅತ್ತ ಕಾಕಾ ನನ್ನ ತಂದೆಯ ಬೆನ್ನಿಗೆ ಹುಟ್ಟಿದವನು, ಇತ್ತ ಬೆರಳು ತುಟಿಯ ಮೇಲಿಟ್ಟ ಕಾಕೂ. ಇಂಥ ಹೊತ್ತಿನಲ್ಲಿ ಯಾರ ಕಡೆ ನಿಲ್ಲಬೇಕೆಂದು ಬಹಳ ಯೋಚಿಸುವವಳು ನಾನಲ್ಲ. ಬಾಯಿ ಮುಚ್ಚಿಕೊಂಡು ಕಾಕಾನ ಹತ್ತಿರ ಹೋದೆ.

“ಕಾಕಾ, ಏ ಅಂದ್ರ ಯಾರಿಗೆ ಗೊತ್ತಾಕ್ಕೈತಿ? ಹೆಸರು ಹಿಡದ ಕರಿ.”

“ಹೆಸರು ಹಿಡದ? ನಾ?” ಅವನ ಕಿವಿ ಕೆಂಪಾದವು. “ಮಂದಿ ಅದಾರವಾ.”

“ಮಂದಿಗೆ ಕನ್ನಡ ಬರೂದಿಲ್ಲ.”

“ಹಂಗಂದ್ರೂ…” ಎಂದು ಅವನು ನನ್ನ ಹಿಂದೆ ನಾಲ್ಕು ಹೆಜ್ಜೆ ಬಂದ. ಮೆಲ್ಲಗೆ ಆ ಜಾಲರಿ ಬಾಗಿಲ ಪಕ್ಕದ ಮೆಟ್ಟಿಲ ಮೇಲೆಯೇ ಕುಳಿತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

“ಅಕಿಗೆ ಈ ಊರ ಮಾತ ಬರೂದಿಲ್ಲ,” ಎಂದ. “ಮುಂಜಾನಿಂದ ಚಾ ಕುಡದಿಲ್ಲ, ಚಾ ಇಲ್ಲಂದ್ರ ಅಕಿಗೆ ತಲಿ ತಿರುಗತೈತಿ. ಎಲ್ಲಿ ಕುಂತಾಳೋ, ಎಲ್ಲಿ ಬಿದ್ದಾಳೋ. ಅಕೀನ್ನ ಬಿಟ್ಟ ನಾ ಸವಣೂರಿಗೆ ಹೋಗಿ ಏನ ಮಾಡ್ಲಿ? ಆ ಮನಿ ಬಾಗಲಾ ಹೆಂಗ ತಗೀಲಿ?” ಟೋಪಿಯ ಧೂಳು ಕೊಡವಿ, “ಕೀಲಿನೂ ಅಕಿ ಹಂತ್ಯಾಕ ಐತಿ,” ಎಂದು ಸೇರಿಸಿದ.

“ಲಗ್ನದಾಗರೆ ಒಮ್ಮೆ ಹೆಸರು ಹೇಳಬೇಕಿತ್ತಿಲ್ಲೋ ಕಾಕಾ,” ಎಂದೆ.

“ಹೇಳಬೇಕಂತನ ಇದ್ದೆ. ಒಡಪು ಬಾಯಿಪಾಠ ಮಾಡಿದ್ದೆ. ತ್ವಾಟದಾಗ ಬಳ್ಳಿಗೆ ಹೇಳಿ ಹೇಳಿ ಗಟ್ಟಿ ಮಾಡಿದ್ದೆ. ಬಾಗಲದಾಗ ನಿಂತೆ, ಆ ಹೆಣ್ಣಮಕ್ಕಳೆಲ್ಲಾ ನನ್ನ ಬಾಯಿ ನೋಡಾಕತ್ರು. ಪಟ್ನ ಮರ್ತ ಹೋತು. ಅಕಿ ಮುಂದ ತಪ್ಪಿದ್ರ ಜನ್ಮಾಪೂರ್ತಿ ನಗತಾಳಂತ ಹಂಗ ಏನೋ ಅಂದೆ.” ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡ. “ಅವತ್ತ ಬಾಯಿ ಬರಲಿಲ್ಲ. ಆಮ್ಯಾಲೆ ನಾಚಿಕಿ ಆತು. ದಿನಾ ಹೋದಂಗ ಇನ್ನೂ ನಾಚಿಕಿ ಆತು.”

ಜಾಲರಿಯ ಒಳಗೆ ಬೆತ್ತದ ಕುರ್ಚಿ ಕಿರ್ರೆಂದಿತು. ನಾನು ಆ ಕಡೆ ನೋಡಲಿಲ್ಲ.

ಕಾಕಾ ಎದ್ದು ನಿಂತ. ಓಣಿಯ ನಡುವೆ ಹೋಗಿ, ಬಾವಿಗೆ ಇಳಿಯುವವನ ಹಾಗೆ ಒಮ್ಮೆ ಉಸಿರು ಎಳೆದುಕೊಂಡ. “ಮೀ…” ಎಂದ. ಕೆಮ್ಮಿದ. ಮತ್ತೆ ಒಂದು ಕೈ ಮೇಲೆತ್ತಿ, ಕಣ್ಣು ಮುಚ್ಚಿ, ತೋಟದಲ್ಲಿ ಹಕ್ಕಿ ಓಡಿಸುವ ದನಿಯಲ್ಲಿ ಕೂಗಿದ: “ಮೀರಾ! ಮೀರಾಬಾಯೀ! ಮೀರಾ!”

ಓಣಿಗೆ ಓಣಿಯೇ ನಿಂತಿತು. ನೋಡು ಎಂದು ಅಷ್ಟು ಕಳಕಳಿಯಿಂದ ಕೂಗಿದರೆ ಯಾರು ತಾನೇ ನೋಡುವುದಿಲ್ಲ? ಮುಂದೆ ಹೋಗುತ್ತಿದ್ದವರು ಹಿಂದೆ ಬಂದರು. ಎಲ್ಲರೂ ಕಾಕಾನ ಕೈ ಹೋದ ಕಡೆ, ಗೋಡೆಯ ತುದಿಯತ್ತ ಕತ್ತೆತ್ತಿ ನೋಡತೊಡಗಿದರು. ಅಲ್ಲಿ ಏನೂ ಇರಲಿಲ್ಲ. ಇಲ್ಲದ್ದನ್ನೇ ಹತ್ತಾರು ಮಂದಿ ಫೋಟೋ ತೆಗೆದರು. ಕುತ್ತಿಗೆಗೆ ದುರ್ಬೀನು ಹಾಕಿಕೊಂಡಿದ್ದ ಒಬ್ಬ ಅದನ್ನು ಕಣ್ಣಿಗೆ ಹಚ್ಚಿ ಗೋಡೆಯ ಒಂದೊಂದೇ ಕಲ್ಲು ಪರೀಕ್ಷಿಸಿದ. ಬೀಸಣಿಗೆಯವನು ವ್ಯಾಪಾರ ಬಿಟ್ಟು ಬಂದು, “ಅಕೀ? ಅಕೀ?” ಎಂದು ಕೇಳುತ್ತಿದ್ದ.

ಕಾಕಾ ಕಣ್ಣು ತೆರೆದ. ಎದುರಿಗೆ ಜಾತ್ರೆಯಷ್ಟು ಮಂದಿ, ಎಲ್ಲರೂ ಈಗ ಅವನ ಬಾಯಿಯನ್ನೇ ನೋಡುತ್ತಿದ್ದರು. ಮುಗಿಯಿತು, ಇವನು ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ಟೋಪಿ ಸರಿ ಮಾಡಿಕೊಂಡು, ನಮ್ಮ ಕಡೆಯ ಮದುಮಕ್ಕಳು ಬಾಗಿಲಲ್ಲಿ ನಿಲ್ಲುವಂತೆ ಕೈ ಕಟ್ಟಿ ನಿಂತು ಒಡಪು ಹೇಳಿದ:

“ಗ್ವಾಡ್ಯಾಗ ನೀರು, ಗಿಡದಾಗ ಹಣ್ಣು,
ಮೀರಾಬಾಯಿ ಕಾಣವಲ್ಲಳು, ಕುರುಡಾದ್ವು ನನ್ನ ಕಣ್ಣು.”

ಜಾಲರಿ ಬಾಗಿಲು ತೆರೆಯಿತು. ಕಾಕೂ ಹೊರಗೆ ಬರಲಿಲ್ಲ. ಬಾಗಿಲಿನ ಎರಡೂ ತೋಳಿಗೆ ಕೈ ಚಾಚಿ ಅಡ್ಡ ನಿಂತಳು. ಉಡಿಯಿಂದ ಜಾರಿದ ನಾರಂಗಿಗಳು ಮೆಟ್ಟಿಲಿಳಿದು ಓಣಿಗೆ ಉರುಳಿದವು. ಆಕೆಯ ಕಣ್ಣಿನಲ್ಲಿ ನೀರು, ತುಟಿಯಲ್ಲಿ ನಗು, ದನಿಯಲ್ಲಿ ಮಾತ್ರ ಲಗ್ನದ ಮನೆಯ ಅದೇ ಗತ್ತು.

“ಅರ್ಧ ಕೇಳಿಸ್ತು. ಇನ್ನೊಮ್ಮೆ ಹೇಳ್ರಿ.”

ಕಾಕಾ ಇನ್ನೊಮ್ಮೆ ಹೇಳಿದ. ಮಂದಿ ಚಪ್ಪಾಳೆ ಹೊಡೆದರು. ಗೋಡೆಯ ಮೇಲೆ ಕಾಣದೆ ಹೋದದ್ದು ಇಲ್ಲಿ ಕಂಡಿತೆಂದು ಅವರಿಗೂ ಸಮಾಧಾನವಾಯಿತು. ಕಾಕೂನ ಹಿಂದೆ ನಿಂತಿದ್ದ ಅಜ್ಜಿ ಬಿಕ್ಕಿ ಬಿಕ್ಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆಯ ಅಂತಃಕರಣ ಎಂಥದೆಂದು ಎಲ್ಲರೂ ಮೆಚ್ಚಿದರು. ಸವಣೂರು ಖಾರ ಎಂಥದೆಂದು ನನಗೊಬ್ಬಳಿಗೇ ಗೊತ್ತಿತ್ತು.

“ಹೇಳದ ಕೇಳದ ಒಳಗ ಯಾಕ ಹೋಗಿದ್ದಿ?” ಎಂದು ಕಾಕಾ ಆಮೇಲೆ ದಾರಿಯಲ್ಲಿ ಗದರಿದ.

“ಆ ಅಜ್ಜಿ ಮೀರಾ, ಮೀರಾ ಅಂತ ತನ್ನ ಅಂಗಳಾ ತೋರಿಸಿ ಕರದ್ಲು,” ಎಂದಳು ಕಾಕೂ. “ಹೆಸರು ಹಿಡದ ಕರದ್ರ ಹೋಗಬಾರದೇನ್ರಿ?” ಕಾಕಾ ಆಕೆಯ ಉಡಿಯಿಂದ ಅರ್ಧ ಹಣ್ಣುಗಳನ್ನು ತನ್ನ ಟೋಪಿಗೆ ಸುರಿದುಕೊಂಡು ನಡೆದ.

ಹಾವೇರಿ ಬಂತು, ಬಸ್ಸು ಬದಲಿಸಿದೆ. ಕಿತ್ತಳೆಯ ಹೆಣ್ಣುಮಗಳು ಇಳಿಯುವಾಗ ನನಗೆ ನಾಲ್ಕು ತೊಳೆ ಕೊಟ್ಟು ಹೋದಳು. ಹುಚ್ಚರನ್ನು ಸಿಟ್ಟಿಗೆಬ್ಬಿಸಬಾರದೆಂದು ಇರಬೇಕು.

ಸವಣೂರಿನ ಮನೆಯಲ್ಲಿ ಕಾಕೂ ಅಡುಗೆಮನೆಯ ಕಟ್ಟೆಗೆ ಒರಗಿ ಕೊತ್ತಂಬರಿ ಸೋಸುತ್ತಿದ್ದಳು. ಕಾಕಾ ಹಿತ್ತಲಿನಲ್ಲಿ ಎಲೆಯ ಪೆಂಡಿ ಕಟ್ಟುತ್ತಿದ್ದ. ಬಸ್ಸಿನ ನಗೆ ಇನ್ನೂ ಹೊಟ್ಟೆಯಲ್ಲೇ ಇತ್ತು. ಇಷ್ಟು ದಿನ ಮುಚ್ಚಿಟ್ಟದ್ದು ಸಾಕೆನಿಸಿ, “ಕಾಕೂ, ಒಂದ ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ಆ ಊರಾಗ ಮೀರಾ ಅಂದ್ರ ನೋಡು ಅಂತ ಅರ್ಥ. ಅವರು ನಿನ್ನ ಕರೀತಿದ್ದಿಲ್ಲ,” ಎಂದೆ.

ಕಾಕೂ ಕೊತ್ತಂಬರಿಯಿಂದ ತಲೆ ಎತ್ತಲಿಲ್ಲ. “ಗೊತ್ತಿತ್ತವಾ. ಎರಡನೇ ದಿನಾನ ಲಚ್ಚವ್ವ ಕಣ್ಣಿಗೆ ಬೆರಳ ಮಾಡಿ ತೋರಿಸಿ ಹೇಳಿದ್ಲು.”

“ಮತ್ತ ಆಮ್ಯಾಲೂ ಎಲ್ಲಾರಿಗೂ ಹೂಂ, ಬಂದೆ, ಅಂತ ಯಾಕ ಅಂತಿದ್ದಿ?”

“ನಿಮ್ಮ ಕಾಕಾಗ ಕೇಳ್ಲಿ ಅಂತ. ಊರ ಮಂದಿ ಎಲ್ಲಾ ಕರಿಯೂದು ಕೇಳಿದ್ರ ಇವರಿಗೂ ಬಾಯಿ ಬರತೈತೇನೋ ಅಂತ.” ಬೇರು ಕಿತ್ತ ಕೊತ್ತಂಬರಿಯನ್ನು ಮೊರಕ್ಕೆ ಹಾಕಿ ನಕ್ಕಳು. “ಬಂತಿಲ್ಲ?”

ಇಂಗ್ಲಿಷ್ ಟೀಚರು, ದುಭಾಷಿ, ಗುಟ್ಟು ಕಾಪಾಡಿದ ದೊಡ್ಡ ಮನುಷ್ಯಳು! ನನಗೆ ಬಂದ ನಾಚಿಕೆಗೆ ನಾನೂ ಒಂದು ಕಟ್ಟು ಕೊತ್ತಂಬರಿ ಎಳೆದುಕೊಂಡು ಸೋಸತೊಡಗಿದೆ.

ಆಗ ಹಿತ್ತಲಿನಿಂದ ಕಾಕಾನ ದನಿ ಬಂತು. ಈಗೀಗ ಅವನಿಗೆ ಹಗ್ಗ ಬೇಕಾದರೂ, ನೀರು ಬೇಕಾದರೂ, ಏನೂ ಬೇಡವಾದರೂ ಅದೊಂದೇ ಕೂಗು. ಓಣಿಯ ಕೊನೆಯ ಮನೆಗೂ ಕೇಳಿಸುವಂಥದು.

“ಮೀರಾಬಾಯೀ!”

ನಾನು, “ಕಾಕೂ, ಕರ್ಯಾಕತ್ತಾನ…” ಎನ್ನುವಷ್ಟರಲ್ಲಿ ಕಾಕೂ ತುಟಿಯ ಮೇಲೆ ಬೆರಳಿಟ್ಟಳು. ಕೊತ್ತಂಬರಿಯ ಹಸಿರು ಅಂಟಿದ ಅದೇ ಬೆರಳು, ಆ ಓಣಿಯ ಜಾಲರಿಯ ಹಿಂದೆ ಕಂಡದ್ದೇ. ಇಬ್ಬರೂ ಉಸಿರು ಬಿಗಿಹಿಡಿದು ಕುಳಿತೆವು.

“ಮೀರಾಬಾಯೀ…!”

“ಬಂದೆನ್ರಿ,” ಎಂದು ಕಾಕೂ ಸೆರಗು ಸರಿ ಮಾಡಿಕೊಂಡು ಎದ್ದಳು.